ಹೇಂಟೆಗಳ ಗುಂಪಿಗೆ ಹೊಸ ಹುಂಜ

ಕೃಷಿ – ಆರೋಗ್ಯ



ಮಳೆ ಹಿಂದೆ ಸರಿದು ಅಂಗಳ ಒಣಗತೊಡಗಿತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಕೋಳಿಯನ್ನು ಕಾವಿಗೆ ಕೂರಿಸುವ ಮಾತು ಏಳುತ್ತದೆ. ಕಳೆದ ಆದಿತ್ಯವಾರ ಪೂಜೆ ಮುಗಿಸಿ ಹೊರಗೆ ಬಂದಾಗ ಇಬ್ಬರು ತಾಯಂದಿರು ನಮಗಾಗಿ ಕಾದು ನಿಂತಿದ್ದರು. ಒಬ್ಬರು, "ಫಾದರ್, ಹನ್ನೆರಡು ಮೊಟ್ಟೆ ಇಟ್ಟರೆ ಐದು ಮರಿಯೂ ಆಗುವುದಿಲ್ಲ. ಆದ ಮರಿಗಳೂ ನಿಲ್ಲುವುದಿಲ್ಲ. ಹೇಂಟೆಯ ದೋಷವೋ?" ಎಂದು ಕೇಳಿದರು. ಹುಂಜ ಎಲ್ಲಿಯದು ಎಂದು ನಾವು ತಿರುಗಿ ಕೇಳಿದೆವು. "ನಮ್ಮ ಮನೆಯಲ್ಲೇ ಹುಟ್ಟಿದ್ದು, ನಾಲ್ಕು ವರ್ಷ ಆಯಿತು" ಎಂದರು. ಉತ್ತರ ಅದರಲ್ಲೇ ಇತ್ತು.

ಇನ್ನೊಬ್ಬರದು ಇದಕ್ಕೆ ತದ್ವಿರುದ್ಧ. ಅವರು ಹಿಂದಿನ ದಿನವಷ್ಟೇ ಸಂತೆಯಿಂದ ಒಂದು ಚಂದದ ಕೆಂಪು ಹುಂಜ ತಂದಿದ್ದರು. ಆ ದಿನ ಸಂಜೆ ಅದನ್ನು ಗೂಡಿಗೆ ಬಿಡುವವರಿದ್ದರು. "ಬಿಡಬೇಡಿ, ಮೂರು ವಾರ ತಡೆಯಿರಿ" ಎಂದೆವು. ಅವರಿಗೆ ಆಶ್ಚರ್ಯವಾಯಿತು. ಹಾಗೇಕೆ ಹೇಳಿದೆವೆಂಬುದನ್ನು ವಿವರಿಸುವುದೇ ಈ ತಿಂಗಳ ಪಾಠ.

ಹುಂಜ ಏಕೆ ಬೇಕು?

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ನೀಗಿಸಿಕೊಳ್ಳೋಣ. ಹೇಂಟೆ ಮೊಟ್ಟೆಯಿಡಲು ಹುಂಜ ಬೇಕಾಗಿಲ್ಲ. ಹುಂಜವೇ ಇಲ್ಲದ ಮನೆಯಲ್ಲೂ ಹೇಂಟೆ ಅಷ್ಟೇ ಮೊಟ್ಟೆ ಇಡುತ್ತದೆ, ಆ ಮೊಟ್ಟೆಯ ಪೌಷ್ಟಿಕತೆಯೂ ಕಡಿಮೆಯಲ್ಲ. ಅಡುಗೆಗೆ ಮತ್ತು ಮಾರಾಟಕ್ಕೆ ಮಾತ್ರ ಕೋಳಿ ಸಾಕುವವರು ಹುಂಜಕ್ಕೆ ತೌಡು ಹಾಕುವ ಅಗತ್ಯವಿಲ್ಲ. ಆದರೆ ಮರಿ ಬೇಕಾದರೆ ಹುಂಜ ಬೇಕೇಬೇಕು.

ಅದರಿಂದ ಇನ್ನೊಂದು ಪ್ರಯೋಜನವೂ ಇದೆ. ನಮ್ಮ ಕುಂಬಳೆ, ಬದಿಯಡ್ಕ, ವರ್ಕಾಡಿ ಕಡೆಯ ಅಡಿಕೆ ತೋಟಗಳಲ್ಲಿ ಕೋಳಿಗಳು ದಿನವಿಡೀ ಮೇಯುತ್ತವೆ. ಮೇಲಿನಿಂದ ಗಿಡುಗ, ಕೆಳಗಿನಿಂದ ಮುಂಗುಸಿ, ರಾತ್ರಿಗೆ ಕಾಡುಬೆಕ್ಕು, ಹೀಗೆ ಅವುಗಳಿಗೆ ಶತ್ರುಗಳು ಅನೇಕ. ಹುಂಜವು ತಲೆಯೆತ್ತಿ ಕಾವಲು ಕಾಯುತ್ತದೆ. ಆಕಾಶದಲ್ಲಿ ಹಕ್ಕಿ ಕಂಡರೆ ಒಂದು ಕೂಗು, ನೆಲದ ಮೇಲೆ ಪ್ರಾಣಿ ಕಂಡರೆ ಬೇರೊಂದು ಕೂಗು. ಹೇಂಟೆಗಳು ಆ ವ್ಯತ್ಯಾಸವನ್ನು ಅರಿತು, ಒಂದಕ್ಕೆ ಪೊದೆಯಡಿ ಅಡಗುತ್ತವೆ, ಇನ್ನೊಂದಕ್ಕೆ ತಲೆಯೆತ್ತಿ ಎಚ್ಚರವಾಗುತ್ತವೆ. ಬೆಳಿಗ್ಗೆ ಅಂಗಳದಲ್ಲಿ ನಿಂತು ಗಮನಿಸಿದರೆ ಇದನ್ನು ನೀವೂ ಕಾಣಬಹುದು.

ಹಳೆಯ ಹುಂಜವನ್ನು ಏಕೆ ಬದಲಾಯಿಸಬೇಕು?

ಎಂಟರಿಂದ ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಆ ಒಂದೇ ಹುಂಜ ಎರಡು ಮೂರು ವರ್ಷ ಮನೆಯಲ್ಲಿದ್ದರೆ ಏನಾಗುತ್ತದೆ? ಮೊದಲ ವರ್ಷದ ಮರಿಗಳಲ್ಲಿ ಹೇಂಟೆಗಳಾದವು ಎರಡನೆಯ ವರ್ಷ ಮೊಟ್ಟೆಯಿಡುತ್ತವೆ. ಆಗ ಅವುಗಳ ಮೊಟ್ಟೆಗೂ ಅದೇ ಹುಂಜವೇ ತಂದೆ. ಮೂರನೆಯ ವರ್ಷ ಮೊಮ್ಮಕ್ಕಳಿಗೂ ಅದೇ. ಅದರ ಮಗ ಹುಂಜವನ್ನೇ ಮುಂದೆ ಉಳಿಸಿಕೊಂಡರೂ ರಕ್ತ ಅದೇ. ಮನುಷ್ಯರಲ್ಲಿ ಹತ್ತಿರದ ರಕ್ತಸಂಬಂಧದ ಮದುವೆಯಿಂದ ಯಾವ ತೊಂದರೆಗಳು ಬರಬಹುದೋ ಕೋಳಿಗಳಲ್ಲೂ ಅವೇ ಬರುತ್ತವೆ. ಮೊಟ್ಟೆಯೊಳಗೇ ಮರಿ ಸಾಯುವುದು, ಹೊರಬಂದ ಮರಿ ನಿಶ್ಶಕ್ತವಾಗಿರುವುದು, ಬೆರಳು ಸೊಟ್ಟಗಾಗುವುದು, ಸಣ್ಣ ಕಾಯಿಲೆಗೂ ಸಾಯುವುದು, ಹೇಂಟೆಗಳ ಮೊಟ್ಟೆ ಕಡಿಮೆಯಾಗುವುದು. ಇದು ಒಂದೇ ವರ್ಷದಲ್ಲಿ ಎದ್ದು ಕಾಣುವುದಿಲ್ಲ. ನಿಧಾನವಾಗಿ ಬರುತ್ತದೆ. ಆದುದರಿಂದಲೇ ನಾವು ಹವೆಯನ್ನೋ ಹೇಂಟೆಯನ್ನೋ ದೂರುತ್ತೇವೆ.

ದೋಷ ಎಲ್ಲಿದೆಯೆಂದು ತಿಳಿಯಲು ಸುಲಭ ಉಪಾಯವೊಂದಿದೆ. ಕಾವಿಗಿಟ್ಟ ಏಳನೆಯ ದಿನ ರಾತ್ರಿ, ಕತ್ತಲೆ ಕೋಣೆಯಲ್ಲಿ, ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಹಿಡಿದು ನೋಡಿ. ಒಳಗೆ ಜೇಡನ ಕಾಲುಗಳಂತೆ ಕೆಂಪು ನರಗಳು ಹರಡಿದ್ದರೆ ಮರಿ ಬೆಳೆಯುತ್ತಿದೆ. ಏನೂ ಇಲ್ಲದೆ ಸ್ವಚ್ಛವಾಗಿದ್ದರೆ ಮೊಟ್ಟೆ ಫಲಿತವಾಗಿಲ್ಲ. ಅಂಥವು ಹೆಚ್ಚಾಗಿದ್ದರೆ ಹುಂಜಕ್ಕೆ ವಯಸ್ಸಾಗಿದೆ, ಅಥವಾ ಒಂದು ಹುಂಜಕ್ಕೆ ಹೇಂಟೆಗಳು ಹೆಚ್ಚಾಗಿವೆ. ಒಳಗೆ ರಕ್ತದ ಉಂಗುರ ಮಾತ್ರ ಕಂಡರೆ ಮರಿ ಹುಟ್ಟಿ ಅಲ್ಲೇ ಸತ್ತಿದೆ. ಇದಕ್ಕೆ ಹಳೆಯ ಮೊಟ್ಟೆ, ಸರಿಯಾದ ಕಾವು ಸಿಗದಿರುವುದು, ಹತ್ತಿರದ ರಕ್ತ, ಹೀಗೆ ಹಲವು ಕಾರಣಗಳಿವೆ. ಹೊಸ ಮೊಟ್ಟೆ, ಒಳ್ಳೆಯ ಕಾವು ಇದ್ದೂ ವರ್ಷದಿಂದ ವರ್ಷಕ್ಕೆ ಇದು ಹೆಚ್ಚುತ್ತಿದ್ದರೆ ಹುಂಜವನ್ನು ಬದಲಾಯಿಸುವ ಕಾಲ ಬಂದಿದೆ. ಎರಡು ವರ್ಷಕ್ಕೊಮ್ಮೆ ಹೊರಗಿನ ಹುಂಜ ತರುವುದು ಒಳ್ಳೆಯ ಪದ್ಧತಿ.

ನಾವು ಮಾಡಿದ ತಪ್ಪು

ಹೊಸ ಹುಂಜ ತರಬೇಕೆಂಬುದು ಸರಿ. ಹೇಗೆ ತರಬೇಕೆಂಬುದನ್ನು ನಾವು ನಷ್ಟಪಟ್ಟು ಕಲಿತೆವು.

ಕೆಲವು ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ ನಮ್ಮ ಬಂಗಲೆಯ ಹಿಂದೆ ಹನ್ನೊಂದು ಹೇಂಟೆಗಳಿದ್ದವು. ಹಳೆಯ ಹುಂಜವನ್ನು ಕಾಡುಬೆಕ್ಕು ಹಿಡಿದ ಮೇಲೆ ಒಂದು ಶನಿವಾರ ಸಂತೆಯಿಂದ ಹೊಸತು ತಂದೆವು. ನೋಡಲು ಆರೋಗ್ಯವಂತ, ಜುಟ್ಟು ಕೆಂಪು, ಕೂಗು ಗಟ್ಟಿ. ಅದೇ ರಾತ್ರಿ ಗೂಡಿಗೆ ಬಿಟ್ಟೆವು. ಹೇಂಟೆಗಳು ಜಗಳವಾಡಲಿಲ್ಲ. ಕೆಲಸ ಎಷ್ಟು ಸುಲಭವಾಯಿತು ಎಂದು ಸಂತೋಷಪಟ್ಟೆವು.

ಆರನೆಯ ದಿನ ಒಂದು ಹೇಂಟೆ ಮೂಲೆಯಲ್ಲಿ ಮುದುಡಿ ಕೂತಿತು. ಹಿಕ್ಕೆ ಹಸಿರಾಗಿತ್ತು. ಮರುದಿನ ಇನ್ನೆರಡು ಬಾಯಿ ತೆರೆದು ಉಸಿರೆಳೆಯುತ್ತಿದ್ದವು. ಒಂದರ ಕತ್ತು ಹಿಂದಕ್ಕೆ ತಿರುಚಿಕೊಂಡಿತು. ಹತ್ತು ದಿನಗಳಲ್ಲಿ ಒಂಬತ್ತು ಹೇಂಟೆಗಳನ್ನು ಹೂಳಿದೆವು. ಅದು ರಾಣಿಖೇತ್ ರೋಗ. ನಮ್ಮಲ್ಲಿ ಕೊಕ್ಕರೆ ರೋಗ ಎಂದು ಕರೆಯುವುದೂ ಇದನ್ನೇ. ಹುಂಜಕ್ಕೆ ಮಾತ್ರ ಏನೂ ಆಗಲಿಲ್ಲ. ಕೋಳಿ ತಾನು ಕಾಯಿಲೆ ಬೀಳದೆಯೂ ರೋಗದ ವಿಷಾಣುವನ್ನು ಹೊತ್ತು ತರಬಹುದು ಎಂದು ಮೃಗವೈದ್ಯರು ವಿವರಿಸಿದರು. ನಮ್ಮ ಹೇಂಟೆಗಳಿಗೆ ಲಸಿಕೆ ಹಾಕಿಸಿರಲಿಲ್ಲ.

ನಮ್ಮ ನಷ್ಟ ಅಲ್ಲಿಗೆ ಮುಗಿಯಿತು. ಆದರೆ ಬೇಲಿಯಾಚೆ ಒಂದು ಮನೆಯಿತ್ತು. ಆ ಮನೆಯ ತಾಯಿ ಹದಿನಾಲ್ಕು ಕೋಳಿ ಸಾಕಿ, ಮೊಟ್ಟೆ ಮಾರಿದ ದುಡ್ಡಿನಲ್ಲಿ ಮಕ್ಕಳ ಪುಸ್ತಕ, ಬಸ್ಸಿನ ಖರ್ಚು ನೋಡಿಕೊಳ್ಳುತ್ತಿದ್ದರು. ಅವರ ಕೋಳಿಗಳೂ ನಮ್ಮವೂ ಒಂದೇ ತೋಡಿನ ಬದಿಯಲ್ಲಿ ಮೇಯುತ್ತಿದ್ದವು. ಎರಡು ವಾರದೊಳಗೆ ಅವರ ಗೂಡೂ ಖಾಲಿಯಾಯಿತು. ನಾವು ಹೋಗಿ ಕ್ಷಮೆ ಕೇಳಿದಾಗ ಅವರು ಬಯ್ಯಲಿಲ್ಲ. "ಹೋದದ್ದು ಹೋಯಿತು ಫಾದರ್. ಇನ್ನು ಮರಿ ಮಾಡಿಸಿದರೆ ನನಗೂ ಎರಡು ಕೊಡಿ" ಎಂದರು. ಬೈದಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತು.

ಆದುದರಿಂದ ಈ ಪಾಠದ ಮುಖ್ಯ ಮಾತು ಇಷ್ಟೇ: ಹೊಸ ಹುಂಜ ತಂದಾಗ ನಾವು ಜಗಳಕ್ಕೆ ಹೆದರುತ್ತೇವೆ, ಆದರೆ ಹೆದರಬೇಕಾದದ್ದು ಕಾಯಿಲೆಗೆ. ಜಗಳ ನಾಲ್ಕು ದಿನದಲ್ಲಿ ನಿಲ್ಲುತ್ತದೆ. ಕಾಯಿಲೆ ನಿಮ್ಮ ಗೂಡಿನಲ್ಲಿ ನಿಲ್ಲುವುದಿಲ್ಲ, ನೆರೆಮನೆಗೂ ಹೋಗುತ್ತದೆ.

ರಾಣಿಖೇತ್ ಬಗ್ಗೆ ಸ್ವಲ್ಪ

1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುರುತಿಸಿದ್ದರಿಂದ ಹೊರದೇಶಗಳಲ್ಲಿ ಇದಕ್ಕೆ ನ್ಯೂಕ್ಯಾಸಲ್ ರೋಗವೆಂದು ಹೆಸರು. ನಮ್ಮ ದೇಶದಲ್ಲಿ ಕುಮಾವೂಂ ಬೆಟ್ಟಗಳ ರಾಣಿಖೇತ್ ಊರಿನ ಹೆಸರು ಬಂದಿದೆ. ರೋಗ ತಗಲಿದ ಮೇಲೆ ಔಷಧವಿಲ್ಲ. ಆದರೆ ತಡೆಗಟ್ಟಲು ಒಳ್ಳೆಯ ಲಸಿಕೆ ಇದೆ. ಮರಿಗೆ ಐದರಿಂದ ಏಳು ದಿನವಾದಾಗ ಕಣ್ಣಿಗೆ ಅಥವಾ ಮೂಗಿಗೆ ಒಂದು ತೊಟ್ಟು ಹಾಕುವ ಎಫ್ ಅಥವಾ ಲಸೋಟಾ ಲಸಿಕೆ, ಎಂಟು ವಾರವಾದಾಗ ರೆಕ್ಕೆಯ ಅಡಿಯ ಚರ್ಮಕ್ಕೆ ಚುಚ್ಚುವ ಆರ್‌ಟೂಬಿ ಲಸಿಕೆ. ಮುಂದೆ ಯಾವಾಗ ಪುನಃ ಹಾಕಿಸಬೇಕೆಂಬುದನ್ನು ಮೃಗಾಸ್ಪತ್ರೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಚೀಟಿ ಮಲಯಾಳದಲ್ಲಿದ್ದರೆ ಓದಿ ಹೇಳುವ ಮಕ್ಕಳು ಈಗ ನಮ್ಮ ಮನೆಗಳಲ್ಲಿದ್ದಾರೆ.

ಲಸಿಕೆಯ ಒಂದು ಶೀಶೆ ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳಿಗೆ ಆಗುವಷ್ಟಿರುತ್ತದೆ. ಬೆರೆಸಿದ ಮೇಲೆ ಹೆಚ್ಚು ಹೊತ್ತು ಉಳಿಯುವುದಿಲ್ಲ, ಐಸಿನಲ್ಲಿಟ್ಟು ಬೇಗನೆ ಮುಗಿಸಬೇಕು. ಹತ್ತು ಕೋಳಿಯಿರುವ ಒಂದು ಮನೆಯವರು ಕೇಳಿದರೆ ಉಳಿದದ್ದು ಹಾಳಾಗುತ್ತದೆ. ಅದಕ್ಕಾಗಿ ಒಂದು ವಾರ್ಡಿನ ಹತ್ತು ಮನೆಗಳವರು ಸೇರಿ ಒಂದೇ ದಿನ ಗೊತ್ತುಮಾಡಿಕೊಳ್ಳಿ. ಕಾಯಿಲೆಯಿರುವ ಕೋಳಿಗೆ ಲಸಿಕೆ ಹಾಕಿಸಬೇಡಿ. ಹಾಕಿಸಿದ ಬಳಿಕ ಶಕ್ತಿ ಬರಲು ಎರಡು ವಾರ ಬೇಕು. ಆದುದರಿಂದ ಹುಂಜ ತರುವ ಎರಡು ವಾರ ಮೊದಲೇ ನಿಮ್ಮ ಹೇಂಟೆಗಳಿಗೆ ಲಸಿಕೆ ಆಗಿರಲಿ.

ಎಂಥ ಹುಂಜ ತರಬೇಕು?

ಸಾಧ್ಯವಾದಷ್ಟು ಸಂತೆಯಿಂದ ಬೇಡ. ಸಂತೆಯಲ್ಲಿ ಹತ್ತು ಊರಿನ ಕೋಳಿಗಳು ಒಂದೇ ಬುಟ್ಟಿಯಲ್ಲಿ ಕೂತಿರುತ್ತವೆ. ಪರಿಚಯದ ಮನೆಯಿಂದ, ಅಲ್ಲಿ ಉಳಿದ ಕೋಳಿಗಳು ಹೇಗಿವೆಯೆಂದು ಕಣ್ಣಾರೆ ನೋಡಿ ತನ್ನಿ. ತಾಯಿ ಹೇಂಟೆ ಚೆನ್ನಾಗಿ ಕಾವು ಕೂರುವಂಥದ್ದೇ, ಎಷ್ಟು ಮರಿ ಉಳಿಸಿತು ಎಂದು ವಿಚಾರಿಸಿ. ಹುಂಜದ ಮೂಲಕವೂ ಆ ಗುಣ ಮುಂದಿನ ಹೇಂಟೆಗಳಿಗೆ ಬರುತ್ತದೆ.

ವಯಸ್ಸು ಎಂಟು ತಿಂಗಳಿನಿಂದ ಎರಡು ವರ್ಷದೊಳಗಿರಲಿ. ಆರು ತಿಂಗಳೂ ತುಂಬದ ಎಳೆಯ ಹುಂಜವನ್ನು ಬಲಿತ ಹೇಂಟೆಗಳ ನಡುವೆ ಬಿಟ್ಟರೆ ಅವು ಅದನ್ನು ಕುಕ್ಕಿ ಮೂಲೆಗೆ ತಳ್ಳುತ್ತವೆ. ಕಣ್ಣು ಹೊಳೆಯುತ್ತಿರಬೇಕು. ಮೂಗಿನಲ್ಲಿ ಸಿಂಬಳ ಇರಬಾರದು. ಎದೆಯೆಲುಬು ನೇರವಾಗಿರಬೇಕು. ಬಾಲದ ಕೆಳಗಿನ ಗರಿ ಹಿಕ್ಕೆಯಿಂದ ಅಂಟಿರಬಾರದು. ಕಾಲಿನ ಪೊರೆ ನಯವಾಗಿರಬೇಕು. ಪೊರೆ ಎದ್ದು ಒರಟಾಗಿದ್ದರೆ ಅದರಡಿಯಲ್ಲಿ ಕಣ್ಣಿಗೆ ಕಾಣದ ಹುಳು ಇದೆಯೆಂದು ತಿಳಿಯಿರಿ.

ಗಾತ್ರವನ್ನೂ ನೋಡಿ. ನಮ್ಮ ಊರಕೋಳಿ ಹೇಂಟೆಗಳು ಸಣ್ಣವು. ಬೆಂಗಳೂರಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜದಂಥ ಭಾರದ ಹುಂಜಗಳು ಮಾಂಸಕ್ಕೆ ಒಳ್ಳೆಯವು. ಆದರೆ ಅವುಗಳ ಭಾರಕ್ಕೆ ಸಣ್ಣ ಹೇಂಟೆಗಳ ಬೆನ್ನು ಹರಿಯುತ್ತದೆ. ಗಿರಿರಾಜ ಮಿಶ್ರತಳಿಯಾದ್ದರಿಂದ ಮರಿಗಳಲ್ಲಿ ಅದೇ ಗುಣ ನಿಲ್ಲುವುದೂ ಇಲ್ಲ. ಕಾವು ಕೂರುವ ಗುಣ ಉಳಿಯಬೇಕಾದರೆ ಊರಕೋಳಿಯೇ ಲೇಸು. ನಮ್ಮ ದಕ್ಷಿಣಕ್ಕಿರುವ ತಲಶ್ಶೇರಿಯ ಹೆಸರಿನ ಕಪ್ಪು ಕೋಳಿ ಕೇರಳದ ಮಾನ್ಯತೆ ಪಡೆದ ದೇಶೀ ತಳಿ. ಅದೂ ನಮ್ಮ ಹವೆಗೆ ಒಗ್ಗುತ್ತದೆ.

ಕೋಳಿ ಅಂಕದಲ್ಲಿ ಕಾದಾಡಿದ ಹುಂಜವನ್ನಂತೂ ತರಬೇಡಿ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾನೂನಿನಂತೆ ಕೋಳಿಗಳನ್ನು ಕಾದಾಡಿಸುವುದೇ ಅಪರಾಧ. ಅದಲ್ಲದೆ ಅಂಥ ಹುಂಜ ಮನೆಯ ಮಕ್ಕಳ ಮೇಲೂ ಎಗರಬಹುದು.

ಮೊದಲ ಹಂತ: ದೂರ ಇಡುವುದು (ಮೂರು ವಾರ)

ಹೊಸ ಹುಂಜವನ್ನು ಮನೆಯ ಇನ್ನೊಂದು ಬದಿಯಲ್ಲಿ, ಹೇಂಟೆಗಳು ಹೋಗದ ಕಡೆ, ಬೇರೆ ಗೂಡಿನಲ್ಲಿಡಿ. ಹಟ್ಟಿಯ ಮೂಲೆಯಾದರೂ ಆದೀತು. ಕೆಳಗೆ ಉಮಿ ಅಥವಾ ಬೈಹುಲ್ಲು ಹಾಸಿ. ಮಳೆಯ ಎರಚಲು ಬೀಳದಂತೆ ಅಡಿಕೆ ಸೋಗೆ ಕಟ್ಟಿ. ಮೂರು ವಾರ ಏಕೆಂದರೆ ರಾಣಿಖೇತ್ ರೋಗ ತಗಲಿದ ಕೋಳಿಯಲ್ಲಿ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಐದಾರು ದಿನ, ಕೆಲವೊಮ್ಮೆ ಎರಡು ವಾರಕ್ಕಿಂತಲೂ ಹೆಚ್ಚು ಬೇಕಾಗುತ್ತದೆ. ನಾಲ್ಕು ವಾರ ಇಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಈ ದಿನಗಳಲ್ಲಿ ಮೂರು ನಿಯಮಗಳನ್ನು ಪಾಲಿಸಿ. ಒಂದು, ಮೊದಲು ಹಳೆಯ ಕೋಳಿಗಳಿಗೆ ಆಹಾರ ಹಾಕಿ, ಕೊನೆಗೆ ಹೊಸ ಹುಂಜದ ಬಳಿ ಹೋಗಿ, ತಿರುಗಿ ಹಳೆಯವುಗಳ ಬಳಿ ಹೋಗಬೇಡಿ. ಎರಡು, ನೀರಿನ ಪಾತ್ರೆ, ಆಹಾರದ ತಟ್ಟೆ, ಗುಡಿಸುವ ಹಿಡಿಸೂಡಿ ಬೇರೆ ಬೇರೆ ಇರಲಿ. ಮೂರು, ಹುಂಜದ ಗೂಡಿನ ಬಳಿ ಹಾಕುವ ಚಪ್ಪಲಿ ಅಲ್ಲಿಯೇ ಇರಲಿ, ಕೈಗಳನ್ನು ಸಾಬೂನಿನಿಂದ ತೊಳೆಯಿರಿ. ನಮ್ಮ ಅನುಭವದಲ್ಲಿ ಜನರು ತಪ್ಪುವುದು ಚಪ್ಪಲಿಯ ವಿಷಯದಲ್ಲಿ. ಹಿಕ್ಕೆ ಮೆಟ್ಟಿದ ಚಪ್ಪಲಿ ಕೋಳಿಗಿಂತ ಬೇಗ ಕಾಯಿಲೆ ಸಾಗಿಸುತ್ತದೆ.

ತಂದ ದಿನವೇ ರೆಕ್ಕೆಯಡಿ ಮತ್ತು ಗುದದ ಸುತ್ತ ಗರಿ ಬಿಡಿಸಿ ಹೇನು ಇದೆಯೇ ನೋಡಿ. ಒಂದು ಹಳೆಯ ಬುಟ್ಟಿಯಲ್ಲಿ ಒಣ ಮರಳು ಮತ್ತು ಒಲೆಯ ಬೂದಿ ಬೆರೆಸಿಟ್ಟರೆ ಹುಂಜ ತಾನೇ ಅದರಲ್ಲಿ ಹೊರಳಿ ಮೈ ಶುಚಿ ಮಾಡಿಕೊಳ್ಳುತ್ತದೆ. ಕಾಲಿನ ಪೊರೆ ಎದ್ದಿದ್ದರೆ ಕಾಲನ್ನು ಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು, ಒರಸಿ, ತೆಂಗಿನೆಣ್ಣೆ ದಪ್ಪನಾಗಿ ಹಚ್ಚಿ. ಕೆಲವು ದಿನ ಬಿಟ್ಟು ಪುನಃ ಹಚ್ಚಿ. ಎಣ್ಣೆಯಿಂದ ಹುಳುವಿಗೆ ಉಸಿರು ಕಟ್ಟುತ್ತದೆ. ತೋಟಕ್ಕೆ ಸಿಂಪಡಿಸುವ ಕೀಟನಾಶಕವನ್ನು ಕೋಳಿಯ ಮೈಗೆ ಎಂದೂ ಹಾಕಬೇಡಿ. ಹೊಟ್ಟೆಹುಳದ ಔಷಧವನ್ನು ಮೃಗವೈದ್ಯರನ್ನು ಕೇಳಿಯೇ ಕೊಡಿ.

ಕೊನೆಯ ವಾರ ಒಂದು ಪರೀಕ್ಷೆ ಮಾಡಬಹುದು. ನಿಮ್ಮ ಹೇಂಟೆಗಳಲ್ಲಿ ಒಂದನ್ನು ಮಾತ್ರ ಹುಂಜದ ಜೊತೆ ಬಿಡಿ. ನಮ್ಮ ಹುಂಜದಂತೆ ಕಾಯಿಲೆಯನ್ನು ಹೊತ್ತು ತಂದಿದ್ದರೆ ಈ ಒಂದರಲ್ಲಿ ಅದು ಕಾಣಿಸಬಹುದು, ಉಳಿದ ಹತ್ತು ಉಳಿಯುತ್ತವೆ. ಕಠಿಣವೆನಿಸಿದರೂ ಇದು ವಿವೇಕದ ಮಾರ್ಗ.

ಎರಡನೆಯ ಹಂತ: ನೋಡಲಿ, ಮುಟ್ಟದಿರಲಿ (ಒಂದು ವಾರ)

ಕೋಳಿಗಳ ಗುಂಪಿನಲ್ಲಿ ಹಿರಿಯ ಕಿರಿಯ ಎಂಬ ಕ್ರಮವಿದೆ. ನಾರ್ವೆ ದೇಶದ ಥೋರ್ಲೀಫ್ ಷೆಲ್ಡರುಪ್-ಎಬ್ಬೆ ಎಂಬವರು ಬಾಲ್ಯದಿಂದಲೇ ಕೋಳಿಗಳನ್ನು ಗಮನಿಸುತ್ತಾ ಬಂದು 1921ರಲ್ಲಿ ತಮ್ಮ ಸಂಶೋಧನ ಪ್ರಬಂಧದಲ್ಲಿ ಇದನ್ನು ವಿವರಿಸಿದರು. ಮೊದಲನೆಯ ಹೇಂಟೆ ಎಲ್ಲವನ್ನೂ ಕುಕ್ಕುತ್ತದೆ, ಅದನ್ನು ಯಾವುದೂ ಕುಕ್ಕುವುದಿಲ್ಲ. ಕೊನೆಯದು ಎಲ್ಲರಿಂದಲೂ ಕುಕ್ಕಿಸಿಕೊಳ್ಳುತ್ತದೆ. ಈ ಕ್ರಮ ಒಮ್ಮೆ ನಿಂತರೆ ಗುಂಪಿನಲ್ಲಿ ಶಾಂತಿ. ಹೊಸಬರು ಬಂದಾಗ ಅದು ಪುನಃ ಅಲುಗಾಡುತ್ತದೆ. ಬಲಿತ ಹುಂಜ ಸಾಮಾನ್ಯವಾಗಿ ಹೇಂಟೆಗಳೆಲ್ಲಕ್ಕೂ ಮೇಲೆ ನಿಲ್ಲುತ್ತದೆ. ಆದರೆ ಮೊದಲ ಸ್ಥಾನದ ಹೇಂಟೆ ಅದನ್ನು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ.

ಆದುದರಿಂದ ಹುಂಜದ ಗೂಡನ್ನು ಈಗ ಹೇಂಟೆಗಳು ಮೇಯುವ ಅಂಗಳಕ್ಕೆ ತನ್ನಿ. ನಡುವೆ ಬಲೆ ಇರಲಿ. ತಂತಿಬಲೆ ಇಲ್ಲದಿದ್ದರೆ ಅಡಿಕೆ ಮರದ ಸೀಳುಗಳನ್ನು ಎರಡು ಬೆರಳು ಅಂತರದಲ್ಲಿ ಹೊಡೆದರೂ ಸಾಕು. ಒಂದನ್ನೊಂದು ನೋಡಲಿ, ಕೂಗು ಕೇಳಲಿ, ಬಲೆಯ ಎರಡೂ ಬದಿಗಳಲ್ಲಿ ಆಹಾರ ಹಾಕಿ ಹತ್ತಿರ ಹತ್ತಿರ ತಿನ್ನಲಿ. ಮೊದಲೆರಡು ದಿನ ಬಲೆಗೆ ಎಗರುವುದುಂಟು. ನಾಲ್ಕೈದು ದಿನದಲ್ಲಿ ಹೇಂಟೆಗಳು ಅದರ ಪಕ್ಕದಲ್ಲೇ ಮಣ್ಣು ಕೆದಕುತ್ತಾ ಕೂತರೆ ಪರಿಚಯವಾಯಿತೆಂದು ತಿಳಿಯಿರಿ.

ಹಳೆಯ ಹುಂಜ ಇನ್ನೂ ಇದ್ದರೆ ಇಷ್ಟರೊಳಗೆ ಅದನ್ನು ಗುಂಪಿನಿಂದ ತೆಗೆದಿರಬೇಕು. ಹತ್ತು ಹೇಂಟೆಗಳ ಸಣ್ಣ ಗುಂಪಿನಲ್ಲಿ ಎರಡು ಬಲಿತ ಹುಂಜಗಳನ್ನು ಒಟ್ಟಿಗೆ ಬಿಡುವುದು ಬೇಡ. ಅವು ರಕ್ತ ಬರುವವರೆಗೆ ಕಾದಾಡುತ್ತವೆ.

ಮೂರನೆಯ ಹಂತ: ಸೇರಿಸುವುದು

ಸೇರಿಸಲು ಉತ್ತಮ ಸಮಯ ರಾತ್ರಿ. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಕಾಣುವುದು ತೀರಾ ಕಡಿಮೆ. ಹೇಂಟೆಗಳು ಅಡ್ಡಕೋಲಿನ ಮೇಲೆ ಕೂತು ತೂಕಡಿಸುವಾಗ ಹುಂಜವನ್ನು ಎರಡೂ ಕೈಗಳಲ್ಲಿ ರೆಕ್ಕೆ ಸೇರಿಸಿ ಹಿಡಿದು, ಮೆಲ್ಲನೆ ಅವುಗಳ ಪಕ್ಕ ಕೂರಿಸಿ. ಮರುದಿನ ಬೆಳಕು ಹರಿಯುವ ಮೊದಲೇ ಎದ್ದು ಗೂಡಿನ ಬಾಗಿಲು ತೆರೆಯಿರಿ. ಇದು ಬಹಳ ಮುಖ್ಯ. ಇಕ್ಕಟ್ಟಾದ ಗೂಡಿನೊಳಗೆ ಸೋತ ಕೋಳಿಗೆ ಓಡಲು ಜಾಗವಿಲ್ಲ. ಅಂಗಳದಲ್ಲಿ ಓಡಿ ತಪ್ಪಿಸಿಕೊಂಡರೆ ಜಗಳ ಅಲ್ಲಿಗೇ ಮುಗಿಯುತ್ತದೆ.

ಆ ದಿನ ಆಹಾರವನ್ನು ಎರಡು ಮೂರು ಕಡೆ ಹಾಕಿ, ನೀರನ್ನೂ ಎರಡು ಕಡೆ ಇಡಿ. ಗೂಡಿನಲ್ಲಿ ಪ್ರತಿ ಕೋಳಿಗೆ ಕಡಿಮೆಯೆಂದರೆ ಎರಡು ಚದರ ಅಡಿ ನೆಲ, ಅಡ್ಡಕೋಲಿನಲ್ಲಿ ಎಂಟು ಇಂಚು ಜಾಗ ಇರಲಿ. ಮನೆಯಲ್ಲಿ ಯಾರಾದರೂ ಒಬ್ಬರು ಇಡೀ ದಿನ ಇರುವ ದಿನವನ್ನೇ ಆರಿಸಿಕೊಳ್ಳಿ. ಮದುವೆಗೆ ಹೊರಡುವ ದಿನ ಈ ಕೆಲಸ ಬೇಡ. ಜೋರು ಮಳೆಯ ದಿನಗಳೂ ಬೇಡ. ಕೋಳಿಗಳೆಲ್ಲ ಗೂಡಿನೊಳಗೇ ಇರಬೇಕಾಗುತ್ತದೆ, ಒದ್ದೆಯಲ್ಲಿ ಕಾಯಿಲೆಯೂ ಬೇಗ ಹರಡುತ್ತದೆ.

ಯಾವುದು ಸಹಜ, ಯಾವುದು ಅಪಾಯ?

ಎರಡು ಮೂರು ದಿನ ಕುಕ್ಕುವುದು, ಓಡಿಸುವುದು, ಕತ್ತಿನ ಗರಿ ಕೆದರಿ ಎದುರು ನಿಲ್ಲುವುದು ಸಹಜ. ಹುಂಜ ಒಂದು ರೆಕ್ಕೆಯನ್ನು ನೆಲಕ್ಕೆ ಇಳಿಸಿ ಹೇಂಟೆಯ ಸುತ್ತ ಓರೆಯಾಗಿ ಹೆಜ್ಜೆ ಹಾಕುವುದನ್ನು ಕಂಡರೆ ಗಾಬರಿಯಾಗಬೇಡಿ, ಅದು ಅದರ ಓಲೈಕೆ. ಗೆದ್ದಲೋ ಕಾಳೋ ಸಿಕ್ಕಿದಾಗ ತಾನು ತಿನ್ನದೆ ಕುಟುಕುಟು ಎಂದು ಹೇಂಟೆಗಳನ್ನು ಕರೆಯುವ ಹುಂಜ ಒಳ್ಳೆಯ ಹುಂಜ. ಹೇಂಟೆಗಳು ಆ ಕರೆಗೆ ಓಡಿ ಬಂದರೆ ನಿಮ್ಮ ಕೆಲಸ ಮುಗಿಯಿತು.

ರಕ್ತ ಕಂಡರೆ ಮಾತ್ರ ತಡಮಾಡಬೇಡಿ. ಕೆಂಪು ಕಂಡ ಕಡೆಗೆ ಉಳಿದ ಕೋಳಿಗಳೆಲ್ಲ ಕುಕ್ಕುತ್ತವೆ. ಗಾಯಗೊಂಡದ್ದನ್ನು ಬೇರ್ಪಡಿಸಿ, ಗಾಯ ತೊಳೆದು ಒಣಗಿಸಿ, ಅರಸಿನ ಹಚ್ಚಿ, ಪೂರ್ತಿ ವಾಸಿಯಾದ ಮೇಲೆಯೇ ಸೇರಿಸಿ. ಒಂದೇ ಹೇಂಟೆ ಹುಂಜವನ್ನು ಆಹಾರದ ಹತ್ತಿರಕ್ಕೂ ಬಿಡದಿದ್ದರೆ ಹುಂಜವನ್ನಲ್ಲ, ಆ ಹೇಂಟೆಯನ್ನು ಮೂರು ನಾಲ್ಕು ದಿನ ಬೇರೆ ಇಡಿ. ತಿರುಗಿ ಬರುವಾಗ ಅದೇ ಹೊಸಬಳಾಗಿರುತ್ತದೆ, ಗರ್ವ ಇಳಿದಿರುತ್ತದೆ.

ಕೆಲವು ವಾರಗಳ ಬಳಿಕ ಹೇಂಟೆಗಳ ಬೆನ್ನಿನ ಗರಿ ಉದುರಿ ಚರ್ಮ ಕಂಡರೆ ಹುಂಜದ ಉಗುರುಗಳ ಚೂಪು ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿ. ಐದಾರು ಹೇಂಟೆ ಮಾತ್ರ ಇರುವವರು ವಾರದಲ್ಲಿ ಕೆಲವು ದಿನ ಹುಂಜವನ್ನು ಬೇರೆ ಇಡುವುದು ಒಳ್ಳೆಯದು.

ಮೊಟ್ಟೆಯನ್ನು ಯಾವಾಗ ಕಾವಿಗಿಡಬೇಕು?

ಹೇಂಟೆಯ ಶರೀರದಲ್ಲಿ ಹುಂಜದ ಬೀಜ ಎರಡು ವಾರ, ಕೆಲವೊಮ್ಮೆ ಮೂರು ವಾರದವರೆಗೂ ಉಳಿಯುತ್ತದೆ. ಅಂದರೆ ಹಳೆಯ ಹುಂಜವನ್ನು ಇಂದು ತೆಗೆದರೂ ಮುಂದಿನ ಎರಡು ಮೂರು ವಾರದ ಮೊಟ್ಟೆಗಳಿಗೆ ಅದೇ ತಂದೆಯಾಗಿರಬಹುದು. ಹೊಸ ಹುಂಜವನ್ನು ದೂರ ಇಟ್ಟ ದಿನಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಹೊಸತು ಬಂದ ದಿನವೇ ಹಳೆಯದನ್ನು ತೆಗೆದರೆ, ಸೇರಿಸುವ ಹೊತ್ತಿಗೆ ಹಳೆಯ ರಕ್ತದ ಪ್ರಭಾವ ಮುಗಿದಿರುತ್ತದೆ.

ಸೇರಿಸಿದ ಬಳಿಕ ಎರಡು ವಾರ ಬಿಟ್ಟು ಮೊಟ್ಟೆ ಕೂಡಿಸಲು ಆರಂಭಿಸಿ. ಏಳು ದಿನಕ್ಕಿಂತ ಹಳೆಯದು ಬೇಡ. ತೊಳೆಯಬೇಡಿ, ಚೂಪು ತುದಿ ಕೆಳಗಾಗಿ ತಂಪಾದ ಕಡೆ ಇಡಿ. ಊರ ಹೇಂಟೆಗೆ ಹತ್ತು ಹನ್ನೆರಡು ಮೊಟ್ಟೆ ಸಾಕು. 21ನೆಯ ದಿನ ಮರಿ. ಲೆಕ್ಕ ಹಾಕಿ ನೋಡಿ: ದೂರ ಮೂರು ವಾರ, ಬಲೆಯಾಚೆ ಒಂದು ವಾರ, ಸೇರಿಸಿ ಎರಡು ವಾರ, ಮೊಟ್ಟೆ ಕೂಡಿಸಲು ಒಂದು ವಾರ, ಕಾವು ಮೂರು ವಾರ. ಒಟ್ಟು ಹತ್ತು ವಾರ. ಅಕ್ಟೋಬರ್ ಮೊದಲ ವಾರ ತಂದ ಹುಂಜದ ಮರಿಗಳು ಕ್ರಿಸ್ಮಸ್ಸಿಗೆ ಮೊದಲೇ ಅಂಗಳದಲ್ಲಿರುತ್ತವೆ. ಮುಂದೆ ಒಣ ಹವೆಯ ತಿಂಗಳುಗಳಿರುವುದರಿಂದ ಉಳಿಯುವ ಮರಿಗಳೂ ಹೆಚ್ಚು.

ಮನೆಯವರ ಆರೋಗ್ಯ

ಕೋಳಿ ಮುಟ್ಟಿದ ಮೇಲೆ ಮಕ್ಕಳು ಸಾಬೂನಿನಿಂದ ಕೈ ತೊಳೆಯಲಿ. ಮರಿಗೆ ಮುತ್ತಿಡುವ ಅಭ್ಯಾಸ ಬೇಡ. ಕೋಳಿಯ ಹಿಕ್ಕೆಯಲ್ಲಿ ವಾಂತಿಭೇದಿ ತರುವ ರೋಗಾಣು ಇರಬಹುದು. ಮೊಟ್ಟೆಯನ್ನು ಚೆನ್ನಾಗಿ ಬೇಯಿಸಿ ಕೊಡಿ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್ ಇದೆ. ಬೆಳೆಯುವ ಮಕ್ಕಳಿಗೂ ಬಸುರಿಯರಿಗೂ ಅದು ಉತ್ತಮ ಆಹಾರ. ಎಲ್ಲವನ್ನೂ ಮಾರಬೇಡಿ.

ಹುಂಜದ ಕಾಲಿನ ಹಿಂಬದಿಯ ಮುಳ್ಳು ತಾಗಿ ಗಾಯವಾದರೆ ಸಾಬೂನು ನೀರಿನಲ್ಲಿ ಚೆನ್ನಾಗಿ ತೊಳೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ಸಣ್ಣ ಮಕ್ಕಳ ಮುಖಕ್ಕೆ ಎಗರುವ ಹುಂಜವನ್ನು ಎಷ್ಟೇ ಚಂದವಿದ್ದರೂ ಇಟ್ಟುಕೊಳ್ಳಬೇಡಿ. ಕಣ್ಣಿಗಿಂತ ಹುಂಜ ದೊಡ್ಡದಲ್ಲ.

ಒಮ್ಮೆಲೇ ಹಲವು ಕೋಳಿಗಳು ಸತ್ತರೆ ಅವುಗಳನ್ನು ಅಡುಗೆಗೆ ಬಳಸಬೇಡಿ, ತೋಡಿಗೆ ಎಸೆಯಬೇಡಿ, ಅಗ್ಗದಲ್ಲಿ ಮಾರಲೂಬೇಡಿ. 2024ರಲ್ಲಿ ನಮ್ಮದೇ ರಾಜ್ಯದ ಆಲಪ್ಪುಳ ಜಿಲ್ಲೆಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡದ್ದನ್ನು ಮರೆಯಬಾರದು. ಬರಿಗೈಯಲ್ಲಿ ಮುಟ್ಟದೆ ಕೂಡಲೇ ಮೃಗಾಸ್ಪತ್ರೆಗೆ ತಿಳಿಸಿ. ಅವರು ಹೇಳಿದ ಮೇಲೆ ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಗೂಡನ್ನು ತೊಳೆದು ಸುಣ್ಣ ಬಳಿದು ಬಿಸಿಲಿಗೆ ಬಿಟ್ಟು, ವೈದ್ಯರು ಹೇಳುವವರೆಗೆ ಹೊಸ ಕೋಳಿ ತರಬೇಡಿ. ನೆರೆಮನೆಯವರಿಗೆ ಆ ದಿನವೇ ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ಅವರ ಗೂಡೂ ಖಾಲಿಯಾಗುತ್ತದೆ.

ನೆನಪಿಡಬೇಕಾದುದು

1. ಹುಂಜ ಬರುವ ಎರಡು ವಾರ ಮೊದಲು ಹೇಂಟೆಗಳಿಗೆ ಲಸಿಕೆ.
2. ಪರಿಚಯದ ಮನೆಯಿಂದ, ಎಂಟು ತಿಂಗಳು ದಾಟಿದ, ಶಾಂತ ಸ್ವಭಾವದ ಹುಂಜ.
3. ಮೂರು ವಾರ ದೂರ. ಪಾತ್ರೆ, ಚಪ್ಪಲಿ ಬೇರೆ.
4. ಒಂದು ವಾರ ಬಲೆಯಾಚೆ.
5. ರಾತ್ರಿ ಸೇರಿಸಿ, ಬೆಳಕು ಹರಿಯುವ ಮೊದಲು ಬಾಗಿಲು ತೆರೆಯುವುದು.
6. ಎರಡು ವಾರದ ನಂತರ ಮೊಟ್ಟೆ ಕೂಡಿಸುವುದು.
7. ಎರಡು ವರ್ಷಕ್ಕೊಮ್ಮೆ ಹುಂಜ ಬದಲು. ನೆರೆಯ ಎರಡು ಮನೆಗಳವರು ಆರೋಗ್ಯವಂತ ಹುಂಜಗಳನ್ನು ಬದಲಿಸಿಕೊಂಡರೆ ಖರ್ಚೂ ಇಲ್ಲ. ಆದರೆ ನೆರೆಮನೆಯದಾದರೂ ದೂರ ಇಡುವ ನಿಯಮ ತಪ್ಪಬಾರದು.

ಸಂತೆಯಿಂದ ಕೆಂಪು ಹುಂಜ ತಂದ ಆ ತಾಯಿ ಈಗ ಅದನ್ನು ಹಟ್ಟಿಯ ಮೂಲೆಯಲ್ಲಿ ಬೇರೆ ಕಟ್ಟಿದ್ದಾರೆ. ಮೊನ್ನೆ ಆ ದಾರಿಯಾಗಿ ಹೋದಾಗ ನೋಡಿದೆವು. ಬಾಗಿಲ ಬಳಿ ಒಂದು ಜೊತೆ ಹಳೆಯ ಚಪ್ಪಲಿಯೂ ಇತ್ತು.

ನಮ್ಮ ಹಳೆಯ ನೆರೆಮನೆಯ ಸಂಗತಿಯನ್ನೂ ಹೇಳಿ ಮುಗಿಸುತ್ತೇವೆ. ಗೂಡನ್ನು ಬಹಳ ದಿನ ಖಾಲಿ ಬಿಟ್ಟು, ಮುಂದಿನ ಹುಂಜವನ್ನು ಈ ಕ್ರಮದಲ್ಲೇ ಸೇರಿಸಿದೆವು. ಮೊದಲ ಸಲ ಒಂಬತ್ತು ಮರಿಗಳಾದವು. ಆ ತಾಯಿ ಕೇಳಿದ್ದು ಎರಡು. ಎಲ್ಲಕ್ಕೂ ಲಸಿಕೆ ಹಾಕಿಸಿ, ಸ್ವಲ್ಪ ಬೆಳೆದ ಮೇಲೆ ಏಳನ್ನು ಅವರ ಮನೆಗೆ ಕಳುಹಿಸಿದೆವು. ಎರಡು ನಮ್ಮಲ್ಲಿ ಉಳಿದವು. ಲೆಕ್ಕಕ್ಕೆ ಇನ್ನೂ ಏಳು ಬಾಕಿಯಿತ್ತು. ಅವನ್ನು ಮುಂದಿನ ಸಲದ ಕಾವಿನಲ್ಲಿ ತೀರಿಸಿದೆವು.